ಅರಿಶಿನ: ಹೊಲದಲ್ಲಿ ಕೇಳುವ ಪ್ರಶ್ನೆ, ಮುಖಕ್ಕೆ ಹಚ್ಚುವಾಗ ಯಾಕಿಲ್ಲ?

ಜನವರಿ ದಾಟಿದ ಮೇಲೆ ರಾಯಬಾಗ ತಾಲ್ಲೂಕಿನ ಹಾರೂಗೇರಿ, ಮುಗಳಖೋಡದ ಕಡೆ ಅರಿಶಿನ ಕೀಳುವ ಗದ್ದಲ ಶುರುವಾಗುತ್ತದೆ. ಎಂಟೊಂಬತ್ತು ತಿಂಗಳು ನೆಲದಲ್ಲಿದ್ದ ಗಡ್ಡೆಯನ್ನು ಕಿತ್ತು, ಕುದಿಸಿ, 10-15 ದಿನ ಬಿಸಿಲಿಗೆ ಹರವಿ, ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಸುಮಾರು 5 ಕಿಲೋ ಹಸಿ ಗಡ್ಡೆ ಒಣಗಿ 1 ಕಿಲೋ ಆಗುತ್ತದೆ. ಆಮೇಲೆ ಚೀಲ ಹೊರಡುವುದು ಹೆಚ್ಚಾಗಿ ಸಾಂಗ್ಲಿಗೆ. ಕಾಗವಾಡ ಬಿಟ್ಟು ಮೀರಜ ದಾಟಿದರೆ ಆ ಪೇಟೆ ಬಂತು. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರಿಗೆ ಅರಿಶಿನದ ಪಾಠ ಯಾರೂ ಹೇಳಬೇಕಾಗಿಲ್ಲ. ಯಾವ ತಳಿ, ಎಷ್ಟು ಹಸಿ ಇದೆ, ಒಳಗಿನ ಬಣ್ಣ ಹೇಗಿದೆ, ಹುಳ ಬಿದ್ದಿದೆಯೇ ಎಂದು ಒಂದು ಕೊಂಬು ಮುರಿದು ನೋಡಿ ಹೇಳಿಬಿಡುತ್ತಾರೆ. ಅದೇ ಅರಿಶಿನ ಪುಡಿಯಾಗಿ ಮುಖಕ್ಕೆ ಬರುವ ಹೊತ್ತಿಗೆ ಈ ಪ್ರಶ್ನೆಗಳೆಲ್ಲ ಮಾಯ. "ಅರಿಷಿಣ ಅಲ್ಲೇನ, ಒಳ್ಳೇದ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಕೊಳ್ಳುವಾಗ ಇರುವ ಅನುಮಾನ ಹಚ್ಚುವಾಗಲೂ ಇರಬೇಕಿತ್ತು.

"ವೈನೀ, ವಾರಕ್ಕ ಎರಡ ಸಲ ಹಚ್ಗೋರಿ, ಮುಖ ಬೆಳ್ಳಗ ಆಗತೈತಿ."

ಆಗುವುದಿಲ್ಲ. ಚರ್ಮದ ಬಣ್ಣ ತೀರ್ಮಾನವಾಗುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ, ಅದೂ ಹೊರಚರ್ಮದ ತಳಪದರದ ಜೀವಕೋಶಗಳಲ್ಲಿ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮೆಲನಿನ್ ತಯಾರಿಯನ್ನು ತುಸು ತಡೆದದ್ದುಂಟು. ಆದರೆ ಮನೆಯ ಲೆಕ್ಕ ಬೇರೆ. ಒಣ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸಾಮಾನ್ಯವಾಗಿ ಶೇ 2ರಿಂದ 5. ಒಂದು ಚಿಟಿಕೆ, ಅಂದರೆ ಅರ್ಧ ಗ್ರಾಂ ಪುಡಿ ತೆಗೆದುಕೊಂಡರೆ ಅದರಲ್ಲಿ ಹೆಚ್ಚುಕಡಿಮೆ 15 ಮಿಲಿಗ್ರಾಂ. ಅದು ನೀರಿನಲ್ಲಿ ಕರಗುವುದಿಲ್ಲ. ಕಡಲೆ ಹಿಟ್ಟಿನ ಜೊತೆ ಕಲಸಿ ಕಾಲು ಗಂಟೆ ಇಟ್ಟು ತೊಳೆದರೆ ಬಹುಪಾಲು ಬಚ್ಚಲಿಗೇ ಹೋಗುತ್ತದೆ. ತೊಳೆದ ಮೇಲೆ ಮುಖ ಬೆಳಗಿದಂತೆ ಕಾಣುವುದು ನಿಜ; ಹಿಟ್ಟು ಜಿಡ್ಡನ್ನೂ ಸತ್ತ ಚರ್ಮದ ಪುಡಿಯನ್ನೂ ಎಳೆದುಕೊಂಡು ಹೋಗಿರುತ್ತದೆ, ಉಳಿದ ತೆಳು ಹಳದಿ ಕಣ್ಣಿಗೆ ಹೊಳಪಾಗಿ ತೋರುತ್ತದೆ. ಮದುವೆ ಮನೆಯಲ್ಲಿ ಸುರಗಿಯ ನೀರು ಹಾಕಿಸಿಕೊಂಡ ಮದುಮಗಳು ಹೊಳೆಯುತ್ತಾಳಲ್ಲ ಎಂದು ಕೇಳಿದರೆ, ಹೊಳೆಯುತ್ತಾಳೆ. ಎಣ್ಣೆ, ಬಿಸಿನೀರು, ಉಜ್ಜುವ ಕೈಗಳು ಇಷ್ಟಿದ್ದಾಗ ಯಾರಾದರೂ ಹೊಳೆಯುತ್ತಾರೆ. ಶಾಸ್ತ್ರ ಮಾಡುವವರು ಅದನ್ನು ಬೆಳ್ಳಗಾಗಲಿ ಎಂದು ಮಾಡುವುದಿಲ್ಲ. ಬಿಳಿಯ ಹುಚ್ಚು ಕ್ರೀಮಿನ ಜಾಹೀರಾತುಗಳು ತಂದು ಅಂಟಿಸಿದ್ದು.

ಮುಖದ ಕೂದಲಿನ ಮಾತೂ ಹೀಗೇ. ಹೆಣ್ಣು ಕೂಸಿಗೆ ದಿನಾ ಅರಿಶಿನ ತಿಕ್ಕಿದರೆ ಮುಂದೆ ಮೀಸೆ, ಗದ್ದದ ಕೂದಲು ಬರುವುದಿಲ್ಲ ಎನ್ನುತ್ತಾರೆ. ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯುವಾಗ ನವಿರು ಕೂದಲು ಕೀಳಬಹುದು, ಬೇರು ಉಳಿಯುತ್ತದೆ. ಥಾಯ್ಲೆಂಡಿನಲ್ಲಿ ಅರಿಶಿನದ ಕುಲದ್ದೇ ಇನ್ನೊಂದು ಜಾತಿಯ ಎಣ್ಣೆಯನ್ನು ಕಂಕುಳ ಕೂದಲಿನ ಮೇಲೆ ಪರೀಕ್ಷಿಸಿ ಸ್ವಲ್ಪ ಪರಿಣಾಮ ಕಂಡಿದ್ದಾರೆ. ಅದು ನಮ್ಮ ಅಡುಗೆ ಅರಿಶಿನವಲ್ಲ. ಹದಿಹರೆಯದ ಹುಡುಗಿಗೆ ಗದ್ದದ ಮೇಲೆ ಗಡುಸು ಕೂದಲು ಬರುತ್ತಿದ್ದು, ಮುಟ್ಟು ಕೂಡ ಹಿಂದುಮುಂದಾಗುತ್ತಿದ್ದರೆ ಹಾರ್ಮೋನಿನ ತೊಂದರೆ, ಪಿಸಿಓಎಸ್ ಇರಬಹುದು. ಅದಕ್ಕೆ ಬೇಕಾದದ್ದು ವೈದ್ಯರು. ತಾಯಿ ಕೂಸಿಗೆ ಸರಿಯಾಗಿ ಅರಿಶಿನ ತಿಕ್ಕಲಿಲ್ಲ ಎಂಬ ದೂರು ಮಾತ್ರ ಶುದ್ಧ ಅನ್ಯಾಯ.

ಇನ್ನು ದೊಡ್ಡ ನಂಬಿಕೆಗೆ ಬರೋಣ: ಅರಿಶಿನ ಎಲ್ಲ ಕ್ರಿಮಿಗಳನ್ನೂ ಕೊಲ್ಲುತ್ತದೆ, ಗಾಯಕ್ಕೆ ತುಂಬಿದರೆ ಸಾಕು.

ಇದಕ್ಕೆ ಉತ್ತರ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲೇ ಇದೆ. ಒಣ ತಂಬಾಕನ್ನು ತೂತು ಕೊರೆದು ತಿನ್ನುವ ಸಣ್ಣ ಕಂದು ದುಂಬಿಯೊಂದುಂಟು. ದಾಸ್ತಾನಿಟ್ಟ ಅರಿಶಿನಕ್ಕೂ ಅದೇ ದೊಡ್ಡ ಶತ್ರು. ಕೊಂಬಿನೊಳಗೇ ಮೊಟ್ಟೆ, ಮರಿ, ಸಂಸಾರ ಎಲ್ಲ ನಡೆಸುತ್ತದೆ. ನಿಕೋಟಿನ್ನಿಗೂ ಕರ್ಕ್ಯುಮಿನ್ನಿಗೂ ಜಗ್ಗದ ಜೀವಿ ಅದು. ಕಣ್ಣಿಗೆ ಕಾಣದ ಜೀವಿಗಳೂ ಹಾಗೆಯೇ. ಮಣ್ಣಿನೊಳಗಿಂದ ಬಂದು, ಬಯಲಿನಲ್ಲಿ ಒಣಗಿ, ಗಿರಣಿಯಲ್ಲಿ ಬೀಸಿಸಿಕೊಂಡ ಪುಡಿಯಲ್ಲಿ ಬ್ಯಾಕ್ಟೀರಿಯಾದ ಬೀಜಕಗಳು ಇರುವುದು ಸಹಜ. ಪಲ್ಯ, ಸಾರು ಕುದಿಯುವಾಗ ಅದು ಅಷ್ಟು ದೊಡ್ಡ ವಿಷಯವಲ್ಲ. ಹಸಿ ಗಾಯಕ್ಕೆ ತುಂಬುವಾಗ ದೊಡ್ಡ ವಿಷಯ. ಕಬ್ಬು ಕಡಿಯುವಾಗ ಕೊಯ್ತದ ಪೆಟ್ಟು ಬಿದ್ದರೆ ಹರಿಯುವ ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು, ಧನುರ್ವಾಯು ಚುಚ್ಚುಮದ್ದು ಹಾಕಿಸಬೇಕೇ ಎಂದು ದವಾಖಾನೆಯಲ್ಲಿ ಕೇಳಬೇಕು. ಗಾಣದ ಮನೆಯಲ್ಲಿ ಬೆಲ್ಲದ ಪಾಕ ಸಿಡಿದು ಸುಟ್ಟರೆ 20 ನಿಮಿಷ ತಣ್ಣೀರು ಬಿಡಬೇಕು. ಅರಿಶಿನ ಮೆತ್ತಿಕೊಂಡು ಬಂದವರ ಗಾಯ ಎಷ್ಟು ಆಳವಿದೆ ಎಂದು ನೋಡುವುದಕ್ಕೇ ವೈದ್ಯರು ಮೊದಲು ಆ ಮೆತ್ತಿದ್ದನ್ನು ಕೆರೆದು ತೆಗೆಯಬೇಕಾಗುತ್ತದೆ.

ಕೂಸಿನ ಹೊಕ್ಕುಳಕ್ಕೆ ಹಚ್ಚುವುದಂತೂ ಬೇಡವೇ ಬೇಡ. ಹೊಕ್ಕುಳ ಬಳ್ಳಿಯನ್ನು ಒಣದಾಗಿ, ಚೊಕ್ಕಟವಾಗಿ, ಏನೂ ಹಚ್ಚದೆ ಬಿಡಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದಕ್ಕೆ ಕಾರಣವಿದೆ: ಹೊಕ್ಕುಳಿನ ಮೂಲಕವೇ ಕೂಸಿಗೆ ಧನುರ್ವಾಯು ತಗಲಬಹುದು. ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲನೆಯ ಮಟ್ಟಕ್ಕೆ ತಂದದ್ದು 2015ರಲ್ಲಿ. ಆ ಕೀರ್ತಿ ಚುಚ್ಚುಮದ್ದಿಗೂ ಸ್ವಚ್ಛ ಹೆರಿಗೆಗೂ ಸಲ್ಲಬೇಕು.

"ಹಂಗಾದ್ರ ಅಮೆರಿಕಾದಾವ್ರು ಯಾಕ ಪೇಟೆಂಟ್ ತಗೊಂಡ್ರು?" ಈ ಪ್ರಶ್ನೆ ಕಟ್ಟೆಯ ಮೇಲೆ ಬಂದೇ ಬರುತ್ತದೆ. ನಡೆದದ್ದು ಇಷ್ಟು. 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರು ಸಂಶೋಧಕರ ಕೆಲಸಕ್ಕೆ, ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನ ಎಂದು, ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್. ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ, ಭಾರತದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಸಂಸ್ಕೃತ ಗ್ರಂಥಗಳ ಜೊತೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದ ವಾದ ಒಂದೇ: ಇದು ಹೊಸದಲ್ಲ, ಭಾರತೀಯರಿಗೆ ಮೊದಲೇ ಗೊತ್ತಿತ್ತು. ಅರಿಶಿನ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಪೇಟೆಂಟ್ ಕಚೇರಿ ತೂಗಿ ನೋಡಲಿಲ್ಲ. ಹೆಮ್ಮೆಪಡಲು ಆ ಗೆಲುವು ಸಾಕು. ಮದ್ದಿನ ಪುರಾವೆಯಾಗಿ ಅದನ್ನು ಬಳಸುವುದು ಸರಿಯಲ್ಲ.

ಪುರಾವೆ ಏನೂ ಇಲ್ಲವೆಂದಲ್ಲ. ಚರ್ಮದ ತೊಂದರೆಗಳಿಗೆ ಅರಿಶಿನ, ಕರ್ಕ್ಯುಮಿನ್ ಕೊಟ್ಟು ಮನುಷ್ಯರ ಮೇಲೆ ನಡೆದ 18 ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗೆ ಪರಿಶೀಲಿಸಿದರು. 10ರಲ್ಲಿ ಗುಣ ಕಂಡಿತ್ತು. ಕೆಲವು ಹಚ್ಚುವಂಥವು, ಕೆಲವು ನುಂಗುವಂಥವು. ಹೆಚ್ಚಿನ ಸಂಶೋಧನೆ ಬೇಕು ಎಂದೇ ಪರಿಶೀಲಿಸಿದವರ ತೀರ್ಮಾನ. ಮರುವರ್ಷ ಔಷಧ ರಸಾಯನಶಾಸ್ತ್ರದ ಹೆಸರಾಂತ ಪತ್ರಿಕೆಯೊಂದು ಕರ್ಕ್ಯುಮಿನ್‌ ಬಗ್ಗೆ ಕಟುವಾಗಿಯೇ ಬರೆಯಿತು. ಅದು ಅಸ್ಥಿರ ವಸ್ತು, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ತೋರಿಸುವ ಚಾಳಿ ಅದಕ್ಕಿದೆ ಎಂದಿತು. ಎರಡನ್ನೂ ಒಟ್ಟಿಗೆ ಓದಿದರೆ ಸಿಗುವುದು ಎಚ್ಚರಿಕೆಯ ಆಸಕ್ತಿ, ಅಷ್ಟೇ.

ಈಗ ಈ ಭಾಗಕ್ಕೇ ವಿಶೇಷವಾದ ಒಂದು ಮಾತು. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ, ಅಂದರೆ ಅರಿಶಿನದ ಪುಡಿ, ಹಾರುತ್ತದೆ. ನಿಪ್ಪಾಣಿ ಹತ್ತಿರದ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯಲ್ಲೂ ಹಾಗೆಯೇ. ಹಣೆಗೆ ಹಚ್ಚಿಕೊಂಡು, ಒಂದಿಷ್ಟು ಗಂಟು ಕಟ್ಟಿ ಮನೆಗೆ ತರುವುದು ಭಕ್ತಿ. ಅದರ ಬಗ್ಗೆ ಯಾರೂ ಏನೂ ಹೇಳಬೇಕಾಗಿಲ್ಲ. ಆದರೆ ಆ ಗಂಟಿನದನ್ನೇ ಮೊಸರಿಗೆ ಕಲಸಿ ಮೊಡವೆಗೆ ಹಚ್ಚುವುದು, ಹಾಲಿಗೆ ಹಾಕಿ ಕೂಸಿಗೆ ಕುಡಿಸುವುದು ಬೇರೆ. ಪೂಜೆಗೆಂದು ಮಾರುವ ಅಗ್ಗದ ಹಳದಿ ಪುಡಿ ಅಡುಗೆಯ ಪುಡಿಯಲ್ಲ. ಎಷ್ಟೋ ಪೊಟ್ಟಣಗಳ ಮೇಲೆ ತಿನ್ನಲು ಅಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ಒಳಗೆ ಹಿಟ್ಟು, ಬಣ್ಣ ಏನೇನೋ ಇರಬಹುದು.

ಅಡುಗೆಯ ಪುಡಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಡ್ರಮ್ಮಿನಲ್ಲಿ ಪಾಲಿಶ್ ಮಾಡುವ ಹಂತವೇ ಮೋಸಕ್ಕೆ ಒಳ್ಳೆಯ ಜಾಗ. ಮಂಕಾದ ಕೊಂಬಿಗೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಲೇಪಿಸಿದರೆ ಥಳಥಳ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಮಾದರಿಗಳಲ್ಲಿ ಶೇ 47ರಷ್ಟರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ಬೆನ್ನುಹತ್ತಿ ದಂಡ ಹಾಕಿದ ಮೇಲೆ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ನಮ್ಮಲ್ಲೂ ಪಟ್ನಾ, ಗುವಾಹಟಿ, ಚೆನ್ನೈಯ ಕೆಲ ಮಾದರಿಗಳಲ್ಲಿ ಮಿತಿ ಮೀರಿದ ಸೀಸ ಕಂಡದ್ದುಂಟು. ಚರ್ಮದ ಮೂಲಕ ಸೀಸ ಒಳಗೆ ಹೋಗುವುದು ಕಡಿಮೆ, ಆದರೆ ಹಚ್ಚಿದ ಕೈ ಬಾಯಿಗೆ ಹೋಗುತ್ತದೆ, ಮಕ್ಕಳದ್ದಂತೂ ಹೆಚ್ಚು. ಮನೆಯಲ್ಲಿ ಮಾಡಬಹುದಾದ ಸುಲಭ ಪರೀಕ್ಷೆ ಒಂದಿದೆ: ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಹಾಕಿ, ಅಲ್ಲಾಡಿಸದೆ ಬಿಡಿ. ಒಳ್ಳೆಯ ಪುಡಿ ತಳಕ್ಕೆ ಇಳಿಯುವಾಗ ನೀರಿಗೆ ತೆಳು ಹಳದಿ ಬಿಡುತ್ತದೆ. ಬಣ್ಣ ಬೆರೆಸಿದ್ದು ದಟ್ಟ ಹಳದಿ ಕಾರುತ್ತದೆ. ನೀರಿನಲ್ಲಿ ಕರಗುವ ಬಣ್ಣಕ್ಕೆ ಮಾತ್ರ ಈ ಪರೀಕ್ಷೆ, ಸೀಸದ ಕ್ರೋಮೇಟ್ ಕರಗುವುದಿಲ್ಲ. ಸ್ವಂತ ಹೊಲದ ಕೊಂಬನ್ನು ತೊಳೆದು ಒಣಗಿಸಿ ಬೀಸಿಕೊಂಡವರಿಗೆ ಈ ತಲೆನೋವೇ ಇಲ್ಲ. ಈ ಐದು ತಾಲ್ಲೂಕುಗಳಲ್ಲಿ ಅಂಥ ಕೊಂಬು ಕೊಡುವ ಬೀಗರೊಬ್ಬರು ಎಲ್ಲರಿಗೂ ಇದ್ದೇ ಇರುತ್ತಾರೆ.

ಕಸ್ತೂರಿ ಅರಿಶಿನ ಎಂದು ದುಬಾರಿ ಬೆಲೆಗೆ ಮಾರುವುದು ಇನ್ನೊಂದು ಗೋಜಲು. ಅದು ಬೇರೆ ಜಾತಿಯ ಗಿಡ, ಗಡ್ಡೆಗೆ ಕರ್ಪೂರದಂಥ ವಾಸನೆ, ಬಣ್ಣ ತೀರಾ ಮಂಕು. ಪೊಟ್ಟಣದೊಳಗಿನ ಪುಡಿ ಗಾಢ ಹಳದಿಯಾಗಿದ್ದರೆ ಅನುಮಾನಿಸಿ.

"ಮನಿಯಾಗ ಮಾಡಿದ್ದು, ಕೆಮಿಕಲ್ ಇಲ್ಲ, ಏನೂ ಆಗೂದಿಲ್ಲ" ಎನ್ನುವವರಿಗೆ ಹೇಳಬೇಕಾದದ್ದು ಸ್ವಲ್ಪವೇ. ಅರಿಶಿನಕ್ಕೂ ಅಲರ್ಜಿ ಆಗುವವರಿದ್ದಾರೆ. ಕೆಂಪು, ತುರಿಕೆ, ಕೆಲವರಿಗೆ ಕಪ್ಪು ಕಲೆ. ಅದಕ್ಕಿಂತ ಹೆಚ್ಚು ಕೆಡುಕು ಮಾಡುವುದು ಜೊತೆಗೆ ಹಿಂಡುವ ಲಿಂಬೆ. ಲಿಂಬೆ ರಸ ತೀರಾ ಹುಳಿ; ಸಾಲದ್ದಕ್ಕೆ ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ಬೆಳ್ಳಗಾಗಲು ಹೋಗಿ ಕಪ್ಪಾಗುವ ದಾರಿ ಇದು. ಲೋಳೆಸರ, ಹಾಲು, ಮೊಸರು ಬೆರೆಸಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಡುವುದೂ ಬೇಡ. ಕೆಡದಂತೆ ತಡೆಯುವ ವಸ್ತು ಅದರಲ್ಲಿ ಇಲ್ಲ. ಕಲಸಿದ್ದನ್ನು ಅವತ್ತೇ ಬಳಸಿ, ಉಳಿದರೆ ಚೆಲ್ಲಿ.

ಇಷ್ಟೆಲ್ಲ ಓದಿದ ಮೇಲೂ ಹಚ್ಚಿಕೊಳ್ಳುವ ಆಸೆ ಇದ್ದರೆ ಹಚ್ಚಿಕೊಳ್ಳಬಹುದು. ವಾಸನೆ ಚೆಂದ, ಸುಖವೂ ಒಂದು ಕಾರಣವೇ. ಎರಡು ಚಮಚ ಕಡಲೆ ಹಿಟ್ಟಿಗೆ ಚಿಟಿಕೆ ಅರಿಶಿನ ಸಾಕು. ಮೊದಲು ಮುಂಗೈ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ನೋಡಿ. ಒಡೆದ ಮೊಡವೆ, ಗಾಯ, ಕಣ್ಣಿನ ಸುತ್ತಲ ಜಾಗ ಬಿಡಿ. ಸಂಜೆ ಹಚ್ಚಿ, 10-15 ನಿಮಿಷಕ್ಕೆ ತೊಳೆಯಿರಿ. ಹಳದಿ ಹೋಗದಿದ್ದರೆ ಸಾಬೂನಿನಿಂದ ತಿಕ್ಕಬೇಡಿ, ಕರ್ಕ್ಯುಮಿನ್ ಎಣ್ಣೆಗೆ ಬಿಡುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಟವೆಲ್ಲಿಗೆ ಸಾಬೂನು ತಾಗಿ ಕಲೆ ಕೆಂಪಾದರೆ ಗಾಬರಿ ಬೇಡ, ಆರತಿ ನೀರಿನಲ್ಲಿ ಸುಣ್ಣ ಬಿದ್ದೊಡನೆ ಅರಿಶಿನ ಕೆಂಪಾಗುವುದೂ ಇದೇ ಕ್ಷಾರದ ಗುಣದಿಂದ. ನೀರಿನಲ್ಲಿ ಚೆನ್ನಾಗಿ ಜಾಲಿಸಿ ಮತ್ತೆ ಹಳದಿಗೆ ಬಂದ ಮೇಲೆ ಬಿಸಿಲಿಗೆ ಹಾಕಿ. ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ, ಒಂದೆರಡು ದಿನದಲ್ಲಿ ಕಲೆ ತಾನಾಗಿ ಹೋಗುತ್ತದೆ.