ಹಾರ್ಡ್‌ಟೇಲ್ ಮೌಂಟನ್ ಬೈಕಿನ ಸೀಟ್‌ಪೋಸ್ಟ್: ವಸ್ತುವಿನ ಆಯ್ಕೆ

ಉಪಕರಣಗಳ ಚರಿತ್ರೆಯನ್ನು ವಸ್ತುಗಳ ಅನುಕ್ರಮವೆಂದು ಬರೆಯುವ ವಾಡಿಕೆಯುಂಟು. ಉಕ್ಕಿನ ತರುವಾಯ ಅಲ್ಯೂಮಿನಿಯಂ, ಆಮೇಲೆ ಟೈಟಾನಿಯಂ, ಕೊನೆಗೆ ಕಾರ್ಬನ್ ಫೈಬರ್ ಬಂದು, ಪ್ರತಿಯೊಂದೂ ತನ್ನ ಹಿಂದಿನದನ್ನು ಮೂಲೆಗೊತ್ತಿತೆಂದು ಅದರ ಅಭಿಪ್ರಾಯ. ಸೈಕಲ್ಲಿನ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿದಿರುವ ಸೀಟ್‌ಪೋಸ್ಟ್ ಎಂಬ ಕೊಳವೆಯ ವಿಷಯದಲ್ಲಿ ಇದು ಸಲ್ಲದು. ನಾಲ್ಕು ವಸ್ತುಗಳೂ ಇಂದಿಗೂ ಬಳಕೆಯಲ್ಲಿವೆ. ಹಾರ್ಡ್‌ಟೇಲ್ ಸೈಕಲ್ಲಿಗೆ ಮುಂಭಾಗದಲ್ಲಿ ಮಾತ್ರ ಸಸ್ಪೆನ್ಷನ್ ಇರುತ್ತದೆ. ಹಿಂಚಕ್ರದ ಪೆಟ್ಟು ಸೀಟ್‌ಪೋಸ್ಟಿನ ಮೂಲಕವೇ ಸವಾರನ ಬೆನ್ನಿಗೆ ತಲುಪುತ್ತದೆ. ಆದುದರಿಂದ ಇಲ್ಲಿ ಆಯ್ಕೆಗೆ ವಿಶೇಷ ಮಹತ್ವವುಂಟು.

ಈ ಪ್ರಶ್ನೆ ಆರಂಭದಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಆರಂಭವಾದ ರಿಪ್ಯಾಕ್ ಇಳಿಜಾರು ಸ್ಪರ್ಧೆಗಳಿಗೆ ಸವಾರರು ತಂದುದು ಹಳೆಯ ಭಾರವಾದ ಉಕ್ಕಿನ ಸೈಕಲ್ಲುಗಳನ್ನು. 1977ರಲ್ಲಿ ಜೋ ಬ್ರೀಜ್ ಅವರು ಈ ಕೆಲಸಕ್ಕೆಂದೇ ಕಟ್ಟಿದ ಫ್ರೇಮ್ ಸಹ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನದೇ. ಮುಂದಿನ ದಶಕಗಳಲ್ಲಿ ಫ್ರೇಮಿನ ಮೇಲ್ಕೊಳವೆ ಹಿಂದಕ್ಕೆ ಇಳಿಜಾರಾಯಿತು. ಸವಾರನ ಕಾಲಿನ ಉದ್ದವಂತೂ ಬದಲಾಗಲಿಲ್ಲ. ಫ್ರೇಮ್ ಕುಗ್ಗಿದಷ್ಟೂ ಸೀಟ್‌ಪೋಸ್ಟ್ ಹೊರಗೆ ನೀಳವಾಗಿ ನಿಲ್ಲಬೇಕಾಯಿತು. ವಸ್ತುವಿನ ಪ್ರಶ್ನೆ ಹುಟ್ಟಿದ್ದು ಈ ಆಕಾರದ ಬದಲಾವಣೆಯಿಂದ.

ಇದರ ಪರಿಣಾಮವನ್ನು ಲೆಕ್ಕದಿಂದ ಅರಿಯಬಹುದು. ಒಂದು ತುದಿಯಲ್ಲಿ ಬಿಗಿದ ದಂಡದ ಬಾಗು ಅದರ ಹೊರಚಾಚಿದ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ. 150 ಮಿ.ಮೀ. ಹೊರಗಿದ್ದುದು 200 ಮಿ.ಮೀ. ಆದರೆ, ಅದೇ ಭಾರಕ್ಕೆ ಬಾಗು ಸುಮಾರು 2.4 ಪಟ್ಟಾಗುತ್ತದೆ. ವ್ಯಾಸದ ಪ್ರಭಾವವೂ ಅಲ್ಪವಲ್ಲ. ಗೋಡೆಯ ದಪ್ಪ 2 ಮಿ.ಮೀ. ಇರುವಾಗ 31.6 ಮಿ.ಮೀ. ವ್ಯಾಸದ ಕೊಳವೆಯು ಅದೇ ವಸ್ತುವಿನ 27.2 ಮಿ.ಮೀ. ಕೊಳವೆಗಿಂತ ಸುಮಾರು 1.6 ಪಟ್ಟು ಬಿಗಿಯಾಗಿರುತ್ತದೆ.

ಇನ್ನು ವಸ್ತುಗಳು. ಸ್ಥಿತಿಸ್ಥಾಪಕತೆಯ ಗುಣಾಂಕ ಉಕ್ಕಿಗೆ ಸುಮಾರು 200, ಟೈಟಾನಿಯಮ್ಮಿಗೆ 110, ಅಲ್ಯೂಮಿನಿಯಮ್ಮಿಗೆ 70 ಗಿಗಾಪ್ಯಾಸ್ಕಲ್. ಹೀಗಿರುವಲ್ಲಿ, ಒಂದೇ ಅಳತೆಯ ಕೊಳವೆಗಳಲ್ಲಿ ಹೆಚ್ಚು ಬಾಗಬೇಕಾದದ್ದು ಅಲ್ಯೂಮಿನಿಯಮ್ಮಿನದು. ಆದರೂ ಟೈಟಾನಿಯಂ ಮೃದುವೆಂದೂ ಅಲ್ಯೂಮಿನಿಯಂ ಗಡುಸೆಂದೂ ಸವಾರರು ಹೇಳುವುದು ಸುಳ್ಳಲ್ಲ. ಅಲ್ಯೂಮಿನಿಯಂ ಮಿಶ್ರಲೋಹಗಳು ಎಷ್ಟೇ ಸಣ್ಣ ಬಾಗಾದರೂ ಲಕ್ಷಾಂತರ ಸಲ ಮರುಕಳಿಸಿದಲ್ಲಿ ದಣಿಯುತ್ತ ಹೋಗುತ್ತವೆ. ಆದಕಾರಣ ಅವುಗಳ ಗೋಡೆಯನ್ನು ದಪ್ಪವಾಗಿಸಿ ಬಾಗನ್ನೇ ತಗ್ಗಿಸುತ್ತಾರೆ. ಟೈಟಾನಿಯಂ ಮರುಕಳಿಸುವ ಬಾಗನ್ನು ಹೆಚ್ಚು ತಾಳಬಲ್ಲದು. ಅದನ್ನು ತೆಳುವಾಗಿ ಮಾಡಬಹುದು. ಸವಾರನು ಅನುಭವಿಸುವ ವ್ಯತ್ಯಾಸ ಲೋಹದ ಮೃದುತ್ವದ್ದಲ್ಲ, ಅದರ ತಾಳಿಕೆಯಿಂದ ನಿರ್ಧಾರವಾದ ಗೋಡೆಯ ದಪ್ಪದ್ದು. ಉಕ್ಕಿಗೂ ಈ ತಾಳಿಕೆಯುಂಟು, ಆದರೆ ಅದರ ಸಾಂದ್ರತೆ ಅಲ್ಯೂಮಿನಿಯಮ್ಮಿನ ಸುಮಾರು ಮೂರು ಪಟ್ಟು.

ಕಾರ್ಬನ್ನಿನ ರೀತಿ ಬೇರೆ. ನಾರುಗಳನ್ನು ಜೋಡಿಸುವ ದಿಕ್ಕಿನಿಂದ ಬಾಗನ್ನು ಬೇಕಾದಂತೆ ರೂಪಿಸಬಹುದು, ತೂಕವೂ ಕಡಮೆ. ಆದರೆ ಹಿಡಿಕೆಯ ಬೋಲ್ಟನ್ನು ಅತಿಯಾಗಿ ಬಿಗಿದರೆ ನಾರು ಜಜ್ಜಿಹೋಗುತ್ತದೆ. ಆಳವಾದ ಗೀರು ಬಿದ್ದುದು ಮೊದಲು ಬಾಗಿ ಎಚ್ಚರಿಸದೆ ಒಮ್ಮೆಲೇ ಮುರಿಯಬಹುದು. ಒಡ್ಡುಕಲ್ಲಿನ ಇಳಿಜಾರಿನಲ್ಲಿ ಅದು ಪ್ರಾಣಾಪಾಯದ ಮಾತು. ಬೋಲ್ಟನ್ನು ತಯಾರಕರು ನಮೂದಿಸಿದ ಮಿತಿಯೊಳಗೆ, ಟಾರ್ಕ್ ವ್ರೆಂಚಿನಿಂದಲೇ ಬಿಗಿಯತಕ್ಕದ್ದು.

ಎರಡು ವಸ್ತುಗಳ ಸಹವಾಸವನ್ನೂ ಗಮನಿಸಬೇಕು. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಕೊಳವೆಯೂ, ಅಲ್ಯೂಮಿನಿಯಂ ಫ್ರೇಮಿನಲ್ಲಿ ಕಾರ್ಬನ್ ಕೊಳವೆಯೂ ತೇವ ತಗುಲಿದಾಗ ಅಲ್ಯೂಮಿನಿಯಂ ಸವೆದು ಕಚ್ಚಿಕೊಳ್ಳುವುದುಂಟು. ಲೋಹಕ್ಕೆ ಲೋಹ ಸೇರುವಲ್ಲಿ ಗ್ರೀಸ್, ಕಾರ್ಬನ್ ಇರುವಲ್ಲಿ ಅದಕ್ಕೆಂದೇ ಇರುವ ಪೇಸ್ಟ್ ಹಚ್ಚಿ ಆಗಾಗ್ಗೆ ಹೊರತೆಗೆದು ಶುಚಿಗೊಳಿಸುವುದು ಇದಕ್ಕೆ ಪರಿಹಾರ. ಯಾವ ವಸ್ತುವಾದರೂ, ಕನಿಷ್ಠ ಇಳಿವಿನ ಗೆರೆ ಫ್ರೇಮಿನೊಳಗೇ ಇರತಕ್ಕದ್ದು.

ಇವುಗಳಿಂದ ಹೊರಡುವ ನಿರ್ಣಯ ಹೀಗಿದೆ. ಸಾಮಾನ್ಯ ಸವಾರನಿಗೆ, ಫ್ರೇಮ್ ಒಪ್ಪುವುದಾದರೆ, 27.2 ಮಿ.ಮೀ.ನ ಒಳ್ಳೆಯ ಅಲ್ಯೂಮಿನಿಯಂ ಕೊಳವೆ ಸಾಕು. ದೂರದ ಸವಾರಿಯಲ್ಲಿ ಬೆನ್ನಿನ ನೆಮ್ಮದಿ ಬಯಸುವವರು, ಕೊಳವೆ ಸಾಕಷ್ಟು ಹೊರಚಾಚಿದ್ದಲ್ಲಿ, ಟೈಟಾನಿಯಮ್ಮಿಗೋ ಕಾರ್ಬನ್ನಿಗೋ ಹಣ ತೆರಬಹುದು. ಅದಕ್ಕೂ ಮೊದಲು ಟೈರಿನ ಗಾಳಿಯ ಒತ್ತಡವನ್ನು ಸರಿಪಡಿಸಿ ನೋಡುವುದು ವಿವೇಕ, ಅದಕ್ಕೆ ಖರ್ಚಿಲ್ಲ. ಸವಾರಿಯ ನಡುವೆಯೇ ಸೀಟನ್ನು ಇಳಿಸಿ ಏರಿಸುವ ಡ್ರಾಪರ್ ಪೋಸ್ಟ್ ಬೇಕೆನ್ನುವವರಿಗೆ ಈ ಚರ್ಚೆ ಬಹುಮಟ್ಟಿಗೆ ಅನ್ವಯಿಸದು, ಅವು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವೇ. ವಸ್ತುವಿನ ಹೆಸರಿಗಿಂತ ಮುಂಚೆ ವ್ಯಾಸ, ಗೋಡೆಯ ದಪ್ಪ ಮತ್ತು ಹೊರಚಾಚಿದ ಉದ್ದವನ್ನು ಅಳೆಯುವುದೇ ಸರಿಯಾದ ಕ್ರಮ.