ತೆರೆಮರೆಯ ಕೆಲಸಗಾರನಿಗೊಂದು ಪೊಟ್ಟಣ

ಲ್ಯಾಬಿನಲ್ಲಿ ನೀವು ಪ್ರಿಂಟ್ ಕೊಟ್ಟ ಕೂಡಲೇ ಕಾಗದ ಹೊರಗೆ ಬರುತ್ತೆ, ಅಲ್ವಾ? ಆ ಕೆಲಸ ನೋಡಿಕೊಳ್ಳುವ ಪ್ರೋಗ್ರಾಂ ಮಾತ್ರ ತೆರೆಯ ಮೇಲೆ ಕಾಣೋದೇ ಇಲ್ಲ. ಹೀಗೆ ಹಿನ್ನೆಲೆಯಲ್ಲಿ ಕಾದು ಕೂತು ದುಡಿಯುವ ಪ್ರೋಗ್ರಾಂಗೆ ಲಿನಕ್ಸಿನಲ್ಲಿ 'ಡೀಮನ್' ಎನ್ನುತ್ತಾರೆ. ಬಿಡುವಿಲ್ಲದೆ ಅಣುಗಳನ್ನು ವಿಂಗಡಿಸುವ ಒಂದು ಪುಟ್ಟ ಜೀವಿಯನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ್ದರು. ಹೆಸರು ಬಂದದ್ದು ಅದರಿಂದ. ಮುದ್ರಣದ ಡೀಮನ್‌ನ ಹೆಸರು 'ಕಪ್ಸ್'.

ಇದು ಕಂಪ್ಯೂಟರಿಗೆ ಬರೋದು ಹೇಗೆ? ಕೇರಳದ ಶಾಲೆಗಳಲ್ಲಿರುವ ಕೈಟ್ ಗ್ನು/ಲಿನಕ್ಸಿಗೆ ಉಬುಂಟು ಆಧಾರ. ಉಬುಂಟುವಿಗೆ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಆಧಾರ. ಇವುಗಳಲ್ಲಿ ಪ್ರೋಗ್ರಾಂಗಳು 'ಡೆಬ್' ಎಂಬ ಪೊಟ್ಟಣವಾಗಿ ಬರುತ್ತವೆ.

ಪೊಟ್ಟಣದೊಳಗೆ ಏನಿದೆ?

ಡೆಬ್‌ನಲ್ಲಿ ಮೂರು ಭಾಗ. ಒಂದು, ಪೊಟ್ಟಣದ ಮಾದರಿ ಸಂಖ್ಯೆ. ಎರಡು, ವಿವರಗಳು: ಹೆಸರು, ಆವೃತ್ತಿ, ಮೊದಲೇ ಇರಬೇಕಾದ ಬೇರೆ ಪ್ಯಾಕೇಜ್‌ಗಳು. ಮೂರು, ಪ್ರೋಗ್ರಾಂನ ಫೈಲ್‌ಗಳು.

ಚಿತ್ರ ಬಿಡಿಸುವ ಪ್ರೋಗ್ರಾಂ ಆದರೆ ಇಷ್ಟು ಸಾಕು. ನೀವು ಕ್ಲಿಕ್ ಮಾಡಿದಾಗ ಅದು ತೆರೆಯುತ್ತದೆ. ಡೀಮನ್ನನ್ನು ಕ್ಲಿಕ್ ಮಾಡೋರು ಯಾರು? ಅದಕ್ಕಾಗಿ ಒಂದು ಸರ್ವಿಸ್ ಫೈಲ್ ಬೇಕು. ಯಾವ ಪ್ರೋಗ್ರಾಂ ಓಡಿಸಬೇಕು, ಯಾವುದರ ನಂತರ ಶುರು ಮಾಡಬೇಕು, ನಿಂತುಹೋದರೆ ಮತ್ತೆ ಎಬ್ಬಿಸಬೇಕೇ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಓದಿ ನಡೆಸುವುದು 'ಸಿಸ್ಟಮ್‌ಡಿ'.

ಎಚ್ಚರ ಎಲ್ಲಿ?

ಪೊಟ್ಟಣ ಬಿಚ್ಚಿದ ಮೇಲೆ 'ಪೋಸ್ಟ್‌ಇನ್‌ಸ್ಟ್' ಎಂಬ ಸಣ್ಣ ಸ್ಕ್ರಿಪ್ಟ್ ಓಡಿ ಡೀಮನ್ನನ್ನು ಶುರು ಮಾಡುತ್ತದೆ. ಇದು ಓಡುವುದು 'ರೂಟ್' ಅಧಿಕಾರದಲ್ಲಿ, ಅಂದರೆ ಯಾವ ಫೈಲನ್ನಾದರೂ ಅಳಿಸಬಲ್ಲ ಅಧಿಕಾರದಲ್ಲಿ. ಒಂದು ಸಾಲು ತಪ್ಪಿದರೂ ಇಡೀ ಕಂಪ್ಯೂಟರ್ ಕೆಡಬಹುದು. ಸಿಕ್ಕಸಿಕ್ಕಲ್ಲಿಂದ ಡೆಬ್ ಇಳಿಸಿಕೊಳ್ಳಬಾರದು ಅನ್ನೋದು ಇದಕ್ಕೇ.

ಒಳ್ಳೆಯ ಪ್ಯಾಕೇಜ್ ಮಾಡುವವರು ಇನ್ನೆರಡು ವಿಷಯ ಗಮನಿಸುತ್ತಾರೆ. ರೂಟ್ ಅಧಿಕಾರ ಬೇಡದ ಡೀಮನ್‌ಗೆ ಬೇರೆಯೇ ಒಂದು ಬಳಕೆದಾರ ಖಾತೆ ಕೊಡುತ್ತಾರೆ; ಅದನ್ನು ಯಾರಾದರೂ ವಶಪಡಿಸಿಕೊಂಡರೂ ನಿಮ್ಮ ಫೈಲ್‌ಗಳಿಗೆ ಕೈಹಾಕುವುದು ಕಷ್ಟ. ನಿಮ್ಮ ಟೀಚರ್ ಬದಲಾಯಿಸಿದ ಸೆಟ್ಟಿಂಗ್ ಫೈಲನ್ನು ಹೊಸ ಆವೃತ್ತಿ ಸದ್ದಿಲ್ಲದೆ ಅಳಿಸಬಾರದು, ಮೊದಲು ಕೇಳಬೇಕು.

ಮಾಡಿ ನೋಡಿ: ಟೀಚರ ಅನುಮತಿ ಪಡೆದು ಟರ್ಮಿನಲ್ ತೆರೆಯಿರಿ. 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಡೀಮನ್ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ, ನೋಡಿ ಬರೆದುಕೊಳ್ಳಿ.