ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ ಸೇರಿದ ಕೂಟದಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ಬಾಲ್ಯದಲ್ಲಿ ಲಗೋರಿ ಆಡುವಾಗ ಚಿಕ್ಕ ಮಕ್ಕಳನ್ನು ನಾವು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವು. ಮಗುವಿಗೆ ಸಮಾಧಾನವಾಗುತ್ತಿತ್ತು; ಗೆಲುವು ಮಾತ್ರ ಅದರ ಪಾಲಿಗೆ ಇರಲಿಲ್ಲ. ಗಾಲ್ಫ್ ಆಟದಲ್ಲಾದರೋ ದುರ್ಬಲನೂ ಲೆಕ್ಕಕ್ಕೆ ಬರುವಂತೆ ಒಂದು ಉಪಾಯವಿದೆ. ಅದೇ ಹ್ಯಾಂಡಿಕ್ಯಾಪ್.

ಇದರ ಮರ್ಮ ನಮಗೆ ತಿಳಿದದ್ದು ಒಂದು ಮುಖಭಂಗದಿಂದ. ಗೆಳೆಯರೊಳಗಿನ ಪಂದ್ಯವೊಂದರಲ್ಲಿ ನಾವು 18 ಕುಳಿಗಳನ್ನು 86 ಹೊಡೆತಗಳಲ್ಲಿ ಮುಗಿಸಿದೆವು. ಹೊಸದಾಗಿ ಆಟ ಕಲಿತ ಮಿತ್ರರೊಬ್ಬರು 98 ಹೊಡೆತ ತೆಗೆದುಕೊಂಡರು. ಬಹುಮಾನ ಅವರಿಗೆ ಸಂದಿತು. 'ಇದೆಂಥ ನ್ಯಾಯ?' ಎಂದು ನಾವು ಗೊಣಗಿದೆವು.

ಲೆಕ್ಕವನ್ನು ಕ್ರಮವಾಗಿ ನೋಡೋಣ. ಹಿಂದೆ ಜಗತ್ತಿನಲ್ಲಿ ಆರು ಬಗೆಯ ಹ್ಯಾಂಡಿಕ್ಯಾಪ್ ಪದ್ಧತಿಗಳಿದ್ದವು. 2020ರಲ್ಲಿ ಅವು ಒಂದಾದವು. ಈ ಪದ್ಧತಿಯಂತೆ ಆಟಗಾರನ ಇತ್ತೀಚಿನ 20 ಆಟಗಳಲ್ಲಿ ಅತ್ಯುತ್ತಮವಾದ 8ನ್ನು ಆರಿಸಿ, ಅವುಗಳ ಸರಾಸರಿಯನ್ನು ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎನ್ನುತ್ತಾರೆ. ಅದರ ಗರಿಷ್ಠ ಮಿತಿ 54. ಅಂದರೆ ಅಳೆಯುವುದು ನಮ್ಮ ನಿತ್ಯದ ಆಟವನ್ನಲ್ಲ, ನಮ್ಮ ಸಾಮರ್ಥ್ಯವನ್ನು.

ಆದರೆ ಮೈದಾನಗಳೆಲ್ಲ ಒಂದೇ ತೆರನಲ್ಲ. 2009ರಲ್ಲಿ ತೆರೆದ ಮಸ್ಕತ್ ಹಿಲ್ಸ್ ಬಂಡೆಗುಡ್ಡಗಳ ನಡುವಿದೆ. ಗ್ರೆಗ್ ನಾರ್ಮನ್ ರೂಪಿಸಿದ ಅಲ್ ಮೌಜ್‌ನಲ್ಲಿ ಕಡಲ ಗಾಳಿಯೇ ಎದುರಾಳಿ. ಆದ್ದರಿಂದ ಪ್ರತಿ ಮೈದಾನಕ್ಕೂ ಎರಡು ಅಂಕಿಗಳಿವೆ. ನುರಿತ, ಅಂದರೆ ಸೊನ್ನೆ ಹ್ಯಾಂಡಿಕ್ಯಾಪ್‌ನ ಆಟಗಾರನಿಂದ ನಿರೀಕ್ಷಿಸುವ ಹೊಡೆತಗಳ ಸಂಖ್ಯೆ ಕೋರ್ಸ್ ರೇಟಿಂಗ್. ಅಂಥವನಿಗಿಂತ ಸಾಧಾರಣ ಆಟಗಾರನಿಗೆ ಮೈದಾನ ಎಷ್ಟು ಹೆಚ್ಚು ಕಠಿಣವೆಂಬುದನ್ನು ಸ್ಲೋಪ್ ರೇಟಿಂಗ್ ಹೇಳುತ್ತದೆ. ಇದರ ಪ್ರಮಾಣ ಅಂಕಿ 113.

ನಮ್ಮ ಮಿತ್ರರ ಇಂಡೆಕ್ಸ್ 27. ಮೈದಾನದ ಸ್ಲೋಪ್ 128, ಕೋರ್ಸ್ ರೇಟಿಂಗ್ 71.2, ಪಾರ್ 72 ಎಂದಿಟ್ಟುಕೊಳ್ಳಿ. 27ನ್ನು 128ರಿಂದ ಗುಣಿಸಿ 113ರಿಂದ ಭಾಗಿಸಿದರೆ 30.58. ರೇಟಿಂಗ್ ಪಾರ್‌ಗಿಂತ 0.8 ಕಡಿಮೆಯಾದ್ದರಿಂದ ಅದನ್ನು ಕಳೆದರೆ 29.78. ವೈಯಕ್ತಿಕ ಪಂದ್ಯದಲ್ಲಿ ಇದರ ಶೇಕಡ 95ನ್ನು ಹಿಡಿಯುವುದು ವಾಡಿಕೆ. ಆಗ 28 ಹೊಡೆತಗಳ ರಿಯಾಯಿತಿ. 98ರಲ್ಲಿ 28 ಕಳೆದರೆ ನೆಟ್ ಸ್ಕೋರ್ 70. ನಮ್ಮ ಇಂಡೆಕ್ಸ್ 11, ರಿಯಾಯಿತಿಯೂ 11, ನೆಟ್ ಸ್ಕೋರ್ 75. ಅವರು ತಮ್ಮ ಸಾಮರ್ಥ್ಯವನ್ನು ಮೀರಿ ಆಡಿದ್ದರು, ನಾವು ಅದನ್ನು ಮುಟ್ಟಲೂ ಇಲ್ಲ.

ವೃತ್ತಿಪರರಿಗೆ ಈ ರಿಯಾಯಿತಿಯಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಿಂದ ಕಂಚಿನ ಪದಕ ತಪ್ಪಿಸಿಕೊಂಡರು. ನಮ್ಮಂಥವರಿಗಾದರೋ, ತಂದೆ ಮಗಳೊಡನೆ ಸಮಸಮವಾಗಿ ಸ್ಪರ್ಧಿಸಲು ಇದೇ ದಾರಿ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಕೆಲವು ಮಧುಮೇಹಿಗಳು ಸಕ್ಕರೆ ಕಡಿಮೆ ಬಂದ ದಿನಗಳ ಅಂಕಿಗಳನ್ನಷ್ಟೇ ಬರೆದು ತರುತ್ತಾರೆ, ನಾವು ಗದರಿಸುತ್ತೇವೆ. ಸ್ಕೋರ್ ಕಾರ್ಡಿನ ವಿಷಯದಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ. ಕೆಟ್ಟ ಆಟದ ಕಾರ್ಡುಗಳನ್ನು ಸಂಕೋಚದಿಂದ ಒಪ್ಪಿಸುತ್ತಿರಲಿಲ್ಲ. ಇಂಡೆಕ್ಸ್ ಚೆಂದವಾಗಿ ಇಳಿಯಿತು; ನ್ಯಾಯವಾಗಿ ಬರಬೇಕಾದ ರಿಯಾಯಿತಿಯೂ ಇಳಿಯಿತು. ಒಳ್ಳೆಯ ಕಾರ್ಡುಗಳನ್ನು ಮುಚ್ಚಿಟ್ಟು ರಿಯಾಯಿತಿ ಹೆಚ್ಚಿಸಿಕೊಳ್ಳುವವರೂ ಉಂಟು. ಮೊದಲಿನವರು ತಮ್ಮನ್ನು ವಂಚಿಸಿಕೊಳ್ಳುತ್ತಾರೆ, ಎರಡನೆಯವರು ಜೊತೆಗಾರರನ್ನು.

ಸೂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಕ್ಕೆ ಆಧಾರ ನಾವು ಬರೆದುಕೊಡುವ ಕಾರ್ಡು. ಮಕ್ಕಳಿಗೆ ಆಟ ಕಲಿಸುವಾಗ ಮೊದಲು ಕಲಿಸಬೇಕಾದದ್ದು, ಆಡಿದ್ದನ್ನು ಆಡಿದಂತೆಯೇ ಬರೆಯುವುದನ್ನು.